ಲಾರಿ ಕಡೆಗೆ ಜಗ್ಗುವ ಕಾರು

ಶುಕ್ರವಾರ ಸಂಜೆ ಐದೂವರೆ. ಚಿಂಚೋಳಿಯಿಂದ ಸೇಡಂಗೆ ಹೋಗುವ ರಸ್ತೆಯಲ್ಲಿ, ಹಾಸುಗಲ್ಲು ತುಂಬಿದ ಲಾರಿಯನ್ನು ಓವರ್‌ಟೇಕ್ ಮಾಡುವಾಗ ಲುಂಬಿನಿಯ ಕಾರು ಲಾರಿಯ ಕಡೆಗೇ ಜಗ್ಗಿತು.

ತಾಗಲಿಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸ್ಟೇರಿಂಗ್ ಅವಳ ಕೈ ಮೀರಿ ಎಡಕ್ಕೆ ಹೊರಳಿತ್ತು. ಕಾಲು ತೆಗೆದೊಡನೆ ನೆಟ್ಟಗಾಯಿತು.

"ನಿಂದ್ರಸು ಗಾಡಿ," ಎಂದರು ಪಕ್ಕದಲ್ಲಿದ್ದ ಅಪ್ಪ ದೇವಿಂದ್ರಪ್ಪ. "ಕೈ ನೆಟ್ಟಗಿಲ್ಲ ನಿಂದು. ಇನ್ಮ್ಯಾಲೆ ಕೀಲಿ ನನ್ ಕಡಿ."

"ನಾ ತಿರುಗ್ಸಿಲ್ಲಪ್ಪಾ. ಗಾಡಿನೇ ಜಗ್ತು."

"ಗಾಡಿಗಿ ಏನ್ ಜೀವ ಅದನಾ?"

ಸೋಮವಾರ ಅವಳು ಸೇಡಂನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಬೆಳಗಿನ ಪಾಳಿ. ಮೊದಲ ಬಸ್ಸಿಗೆ ಹೊರಟರೂ ಪಾಳಿಗೆ ಮುಟ್ಟಲಾಗದು. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ.

ಶನಿವಾರ ಬೆಳಗ್ಗೆ ಅಪ್ಪನನ್ನೂ ಕರೆದುಕೊಂಡು ಚಂದಾಪುರದ ಅಮರನಾಥನ ಗ್ಯಾರೇಜಿಗೆ ಹೋದಳು. ಅವನು ಚಕ್ರಗಳ ಅಲೈನ್‌ಮೆಂಟ್ ನೋಡಿದ. "ಕೂದಲೆಳಿನಷ್ಟೂ ಫರಕ್ ಇಲ್ರಿ ಅಕ್ಕೋರೆ."

"ಕೇಳ್ದೇನು?" ಎಂದರು ದೇವಿಂದ್ರಪ್ಪ.

ಲುಂಬಿನಿ ಜಗಳಕ್ಕೆ ಹೋಗಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಅವಳು ಕಲಿತ ವಿದ್ಯೆ. ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿಸಿದಳು. ದೋಷ ಟೈರಿನದಾದರೆ ಕಾರು ಈಗ ಬಲಕ್ಕೆ ಜಗ್ಗಬೇಕು. ಚಿಮ್ಮನಚೋಡದ ದಾರಿಯಲ್ಲಿ ಅಮರನಾಥನನ್ನು ಕೂರಿಸಿಕೊಂಡು ಓಡಿಸಿದಳು, ಆಕ್ಸಿಲರೇಟರ್ ಒತ್ತಿದಾಗ ಎಡಕ್ಕೇ ಜಗ್ಗಿತು. ಇಳಿದು ಚಕ್ರಗಳ ಹತ್ತಿರ ಕೈ ಹಿಡಿದಳು. ಯಾವುದೂ ಹೆಚ್ಚು ಬಿಸಿಯಾಗಿರಲಿಲ್ಲ, ಅಂದರೆ ಬ್ರೇಕ್ ಹಿಡಿದುಕೊಂಡಿಲ್ಲ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಕಾರು ಗೆರೆ ಎಳೆದಂತೆ ನೇರ ಹೋಗುತ್ತಿತ್ತು.

"ಅಮರನಾಥಣ್ಣಾ," ಗ್ಯಾರೇಜಿಗೆ ಮರಳಿದ ಮೇಲೆ ಕೇಳಿದಳು, "ನೀ ಅಲೈನ್‌ಮೆಂಟ್ ನೋಡಿದಾಗ ಗಾಡಿ ನಿಂತಿತ್ತು. ಜೋರ್ ಒತ್ತಿದಾಗಷ್ಟೇ ಜಾಗ ಬಿಡೋದು ಯಾವುದದ?"

"ಎಂಜಿನ್ನೇ ರೀ," ಅವನು ಬಾನೆಟ್ ಎತ್ತಿದ. "ಅದನ್ನ ಹಿಡಿದಿರೋ ರಬ್ಬರ್ ಮೌಂಟಿಂಗ್ ಹರಿದಿದ್ರ..."

"ಆ ಮಾತೇ ಬ್ಯಾಡ," ದೇವಿಂದ್ರಪ್ಪ ತಡೆದರು. "ಬ್ಯಾಸಗ್ಯಾಗ ಬಲಗಡಿ ಮೌಂಟಿಂಗಿಗಿ ನಾನೇ ಫ್ಯಾಕ್ಟರಿ ಬೆಲ್ಟಿನ ರಬ್ಬರ್ ಕೊಯ್ದು ಹಾಕೀನಿ."

"ಬೆಲ್ಟ್ ಇದ್ರ ಬಿಡ್ರಿ ಕಾಕಾ," ಎಂದು ಅಮರನಾಥನೂ ಬಾನೆಟ್ ಮುಚ್ಚಲು ಹೋದ.

ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕನ್ವೇಯರ್ ಬೆಲ್ಟಿನ ಹತ್ತಿರವೇ ದುಡಿದು ನಿವೃತ್ತರಾದವರು ದೇವಿಂದ್ರಪ್ಪ. ಸುಣ್ಣದ ಕಲ್ಲು ಸಾಗಿಸಿ ಸವೆದ ಆ ಬೆಲ್ಟಿನ ತುಂಡು ಈ ಸೀಮೆಯಲ್ಲಿ ದನದ ಕೊಟ್ಟಿಗೆಗೆ ಹಾಸಿಗೆ, ಬಾಗಿಲಿಗೆ ಕಾಲೊರಸು. ಅದು ಕೆಡುತ್ತದೆಂದು ಯಾರಿಗೂ ಅನ್ನಿಸುವುದಿಲ್ಲ.

"ಮುಚ್ಚಬ್ಯಾಡ," ಎಂದಳು ಲುಂಬಿನಿ. "ಬ್ರೇಕ್ ಒತ್ತಿ ಹಿಡಿ, ಹ್ಯಾಂಡ್‌ಬ್ರೇಕೂ ಹಾಕು. ಒಂದನೇ ಗೇರಿನಾಗ ಕ್ಲಚ್ ಸಾವಕಾಶ ಬಿಡು. ನಾ ಬಾಜೂಕ ನಿಂತು ನೋಡ್ತೀನಿ."

ಕ್ಲಚ್ ಹಿಡಿಯುತ್ತಿದ್ದಂತೆ ಎಂಜಿನ್ ಬಲಗಡೆ ಮೇಲೆದ್ದಿತು. ರಬ್ಬರಿನ ಒಳಗಿನ ಬಟ್ಟೆಯ ಪದರಗಳು ಬಿಟ್ಟುಕೊಂಡು, ನಡುವೆ ಬೆರಳು ತೂರುವಷ್ಟು ಸಂದು ಬಾಯಿ ತೆರೆಯಿತು. ಕ್ಲಚ್ ಒತ್ತಿದಾಗ ಎಂಜಿನ್ನಿನ ಭಾರಕ್ಕೆ ಅದು ಮುಚ್ಚಿಕೊಂಡು ಹೊಸದರಂತೆ ಕಂಡಿತು.

"ಇನ್ನೊಮ್ಮಿ ಮಾಡು," ಎಂದರು ದೇವಿಂದ್ರಪ್ಪ, ಚಷ್ಮಾ ಸರಿಮಾಡಿಕೊಂಡು ಬಾಗುತ್ತ. ಇನ್ನೊಮ್ಮೆಯೂ ಅಷ್ಟೇ ಆಯಿತು.

"ಎಂಜಿನ್ ಒಂದು ಕಡಿ ಎದ್ರ ಎರಡೂ ಗಾಲಿ ತಿರುಗ್ಸೋ ಶಾಫ್ಟಿನ ಓರೆ ಬ್ಯಾರೆ ಬ್ಯಾರೆ ಆಗ್ತದ," ಅಮರನಾಥ ಒಳಗಿನಿಂದಲೇ ಹೇಳಿದ. "ಜೋರ್ ಸಮ ಬೀಳೋದಿಲ್ಲ. ಅದಕ್ಕ ಜಗ್ಗಾಕತ್ತದ. ಕಾಕಾ, ನೀವು ಫ್ಯಾಕ್ಟರಿ ಬಿಟ್ರೂ ಫ್ಯಾಕ್ಟರಿ ನಿಮ್ಮನ್ನ ಬಿಟ್ಟಿಲ್ಲ ನೋಡ್ರಿ!"

ದೇವಿಂದ್ರಪ್ಪ ನಗಲಿಲ್ಲ. "ಟನ್‌ಗಟ್ಲೆ ಕಲ್ಲು ಹೊತ್ತದ ಅದು."

"ಹೊತ್ತದಪ್ಪಾ. ಇಲ್ಲಿ ಹೊರೋ ಕೆಲಸ ಅಲ್ಲ, ಮ್ಯಾಲಕ್ಕ ಜಗ್ಗಿದಾಗ ಹಿಡಿಯೋ ಕೆಲಸ."

ದೇವಿಂದ್ರಪ್ಪ ಹೊಸ ಮೌಂಟಿಂಗ್ ಎಲ್ಲಿ ಸಿಗುತ್ತದೆಂದು ಅಮರನಾಥನನ್ನು ಕೇಳಿದರು.

ಅದು ಭಾನುವಾರ ಮಧ್ಯಾಹ್ನದ ಬಸ್ಸಿನಲ್ಲಿ ಕಲಬುರಗಿಯಿಂದ ಬಂತು. ಸಂಜೆ ಲುಂಬಿನಿ ಸೇಡಂ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿ ಒಂದು ಸಿಮೆಂಟ್ ಲಾರಿಯನ್ನು ದಾಟಿದಳು. ಪಕ್ಕದಲ್ಲಿ ಅಪ್ಪ ಸ್ಟೇರಿಂಗ್ ಮೇಲಿನ ಕಣ್ಣು ಕೀಳಲಿಲ್ಲ. ಕಾರು ನೇರ ಹೋಯಿತು.

ಸೋಮವಾರ ಬೆಳಗ್ಗೆ ಅಪ್ಪನಿಂದ ಕೀಲಿ ಪಡೆದು ಅವಳು ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ, ಪಾಳಿ ಶುರುವಾಗುವ ಮೊದಲೇ ಸೇಡಂ ಮುಟ್ಟಿದಳು.