ಪದಕಗಳು: ಇಲ್ಲ

"ಎಲ್ಲಿ ಕದ್ದೆ ಹೇಳೋ, ಬೋಳಿಮಗನೆ."

ಇನ್ಸ್‌ಪೆಕ್ಟರನ ಬೂಟು ಮುದುಕನ ಬಲಗೈ ಮೇಲಿತ್ತು. ಠಾಣೆಯ ನೆಲವನ್ನು ಆಗತಾನೆ ಒರೆಸಿದ್ದರು, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕದ್ದಿಲ್ಲ ಎಂದ ಮುದುಕ. ಬೂಟು ಇನ್ನಷ್ಟು ಒತ್ತಿತು. ಕದ್ದಿಲ್ಲ ಎಂದ. ಹಿಮ್ಮಡಿ ಗಿರ್ರನೆ ತಿರುಗಿತು. ಕೈಯೊಳಗೆ ಏನೋ ಲಟಕ್ಕೆಂದದ್ದು ಬಾಗಿಲಾಚೆ ನಿಂತಿದ್ದ ಮಗಳಿಗೂ ಕೇಳಿಸಿತು.

ಮೇಜಿನ ಮೇಲೆ ಮೂರು ಪದಕಗಳು ಬಿದ್ದಿದ್ದವು. ಬೆಳಿಗ್ಗೆ ಅವನ್ನು ಅಪ್ಪನ ಎದೆಗೆ ಚುಚ್ಚಿದವಳು ಅವಳೇ. ಯುದ್ಧ ಮುಗಿದ ದಿನದ ನೆನಪಿಗೆ ಹಳೆಯ ಸೈನಿಕರೆಲ್ಲ ವರ್ಷಕ್ಕೊಮ್ಮೆ ಚೌಕದ ಕಲ್ಲುಕಂಬದ ಮುಂದೆ ಸಾಲು ನಿಲ್ಲುತ್ತಿದ್ದರು. ಮೂವತ್ತು ವರ್ಷ ಅಪ್ಪ ಆ ಸಾಲನ್ನು ಬೇಲಿಯಾಚೆಯಿಂದ ನೋಡಿ, ಮೂಗು ಒರೆಸಿಕೊಂಡು ಮನೆಗೆ ಬಂದಿದ್ದ. ಈ ಸಲ ಅವಳು ಹಟ ಹಿಡಿದಳು. ಪದಕಗಳನ್ನು ಬೂದಿಯಲ್ಲಿ ತಿಕ್ಕಿ, ಒಗೆದ ಅಂಗಿ ತೊಡಿಸಿ, ಬೆನ್ನಿಗೆ ಕೈಯಿಟ್ಟು ಮುಂದಿನ ಸಾಲಿಗೆ ನೂಕಿದಳು.

ಸಲ್ಯೂಟ್ ಸ್ವೀಕರಿಸಲು ಬಂದವನು ಕ್ಯಾಪ್ಟನ್. ಯುದ್ಧ ಮುಗಿದ ಕೂಡಲೇ ದಂಡು ಬಿಟ್ಟು ಬಂದು ಚರ್ಮ ಹದ ಮಾಡುವ ಕಾರ್ಖಾನೆ ಹಾಕಿದ್ದ. ಅಪ್ಪ ಮಗಳಿಬ್ಬರೂ ಅಲ್ಲೇ ಕೂಲಿ. ಸಾಲಿನುದ್ದಕ್ಕೂ ನಗುನಗುತ್ತ ಬಂದವನು ಮುದುಕನ ಮುಂದೆ ನಿಂತ. ಎದೆ ನೋಡಿದ, ಮುಖ ನೋಡಿದ. ನಗು ಇಳಿಯಿತು. ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರನಿಗೆ, ಕಕ್ಕಸು ಬಳಿಯೋನ ಎದೆ ಮೇಲೆ ಇವು ಎಲ್ಲಿಂದ ಬಂದ್ವು ಅಂತ ಸ್ವಲ್ಪ ವಿಚಾರಿಸಿ ಎಂದು ಹೇಳಿ ಮುಂದಕ್ಕೆ ಹೋದ. ಅಷ್ಟೇ ಸಾಕಾಯಿತು.

ಇನ್ಸ್‌ಪೆಕ್ಟರ್ ದಂಡಿನ ದಾಖಲೆ ಕಚೇರಿಗೆ ಫೋನು ಮಾಡಿ ಕೇಳಿದ್ದ. ಮುದುಕನ ದಂಡಿನ ನಂಬರಿನ ಮುಂದೆ ಇದ್ದದ್ದು ಎರಡೇ ಸಾಲು. ಹುದ್ದೆ: ಜಾಡಮಾಲಿ. ಪದಕಗಳು: ಇಲ್ಲ.

ಸಂಜೆ ಬಿಟ್ಟು ಕಳಿಸುವಾಗ ಇನ್ಸ್‌ಪೆಕ್ಟರ್ ಒಂದು ತಿಂಗಳು ಗಡುವು ಕೊಟ್ಟ. ಅಷ್ಟರೊಳಗೆ ದಾಖಲೆ ತಂದು ತೋರಿಸಬೇಕು, ಇಲ್ಲವಾದರೆ ದಂಡಿನ ಮರ್ಯಾದೆ ಕದ್ದ ಕೇಸು. ಮಗಳು ಅಪ್ಪನ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ನಡೆಸಿದಳು. ಪಟ್ಟಿ ಕಟ್ಟಿಸಿಕೊಂಡ ಮೇಲೆ ಅವನು, ಪದಕ ಸುಮ್ನೆ ಡಬ್ಬೀಲಿ ಇದ್ದಿದ್ರೆ ಆಗ್ತಿತ್ತಮ್ಮ ಎಂದ.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಸಲಿಕೆ ಎಂದು. ದಂಡಿನಲ್ಲಿ ಅವನ ಕೆಲಸ ಕಕ್ಕಸಿನ ಗುಂಡಿ ತೋಡುವುದು, ತುಂಬಿದ ಮೇಲೆ ಮುಚ್ಚುವುದು. ಗುಡ್ಡದ ಮೇಲಿನ ಕಾಳಗದಲ್ಲಿ ಅವನ ಪಡೆ ಚಿಂದಿಯಾದ ದಿನ, ಬಂದೂಕು ಹಿಡಿದವರೆಲ್ಲ ಇಳಿದು ಓಡುತ್ತಿದ್ದರೆ ಇವನು ಮೇಲಕ್ಕೆ ಹತ್ತಿದ. ಗುಂಡಿನ ಮಳೆಯಲ್ಲಿ ನಾಲ್ಕು ಸಲ ಹತ್ತಿ ನಾಲ್ಕು ಜನರನ್ನು ಹೆಗಲ ಮೇಲೆ ಹೊತ್ತು ತಂದ. ಮೂರನೆಯ ಸಲ ಹೋದಾಗ ಕಂದಕದಲ್ಲಿ ವೈರಿಗಳಿಬ್ಬರು ಗಾಯಾಳುಗಳನ್ನು ಬಂದೂಕಿನ ತುದಿಯ ಈಟಿಯಿಂದ ತಿವಿಯುತ್ತಿದ್ದರು. ಇವನ ಕೈಯಲ್ಲಿ ಇದ್ದದ್ದು ಸಲಿಕೆ ಮಾತ್ರ. ಮೊದಲನೆಯವನ ಕತ್ತು ಒಂದೇ ಏಟಿಗೆ ಅರ್ಧ ಹರಿಯಿತು. ಎರಡನೆಯವನಿಗೆ ಆರು ಏಟು ಬೇಕಾಯಿತು. ಇದನ್ನು ಅವನು ಮಗಳಿಗೆ ಹೇಳಿದ್ದು ಒಂದೇ ಸಲ. "ಬಾಯಲ್ಲಿ ಬ್ರೆಡ್ಡಿತ್ತು ಕಣಮ್ಮ ಅವನಿಗೆ. ಇನ್ನೂ ಅಗೀತಿದ್ದ. ಮುಖ ನೋಡ್ಬಾರ್ದಿತ್ತು." ಹೊಟ್ಟೆಗೆ ಗುಂಡು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ದೊಡ್ಡ ಸೇನಾಧಿಕಾರಿಯೊಬ್ಬ ಬಂದು, ಅವನ ದಿಂಬಿನ ಪಕ್ಕ ಮೂರು ಪದಕ ಇಟ್ಟು ಕೈಕುಲುಕಿ ಹೋಗಿದ್ದ. ಹೊತ್ತು ತಂದ ನಾಲ್ವರು ಯಾರು ಎಂದು ಮಾತ್ರ ಅವನು ಎಂದೂ ಬಾಯಿಬಿಟ್ಟಿರಲಿಲ್ಲ.

ದಾಖಲೆ ಕಚೇರಿಗೆ ಮಗಳು ಮೂರು ಸಲ ಅಲೆದಳು. ಮೊದಲ ಸಲ ಕಾವಲುಗಾರ ಒಳಗೇ ಬಿಡಲಿಲ್ಲ. ಎರಡನೆಯ ಸಲ ಗುಮಾಸ್ತ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಆಚೆ ನಿಂತು ಮಾತಾಡು, ಸತ್ತ ದನದ ವಾಸನೆ ಹೊತ್ಕೊಂಡು ಬಂದಿದೀಯಲ್ಲ ಎಂದ. ಎಷ್ಟು ಸೋಪು ಹಾಕಿದರೂ ಆ ವಾಸನೆ ಹೋಗದು, ಅವಳಿಗೂ ಗೊತ್ತು. ಮೂರನೆಯ ಸಲ ಅವಳು ತನ್ನೆರಡೂ ಕೈಗಳನ್ನು ಗುಮಾಸ್ತನ ಮೇಜಿನ ಮೇಲೆ, ಅವನ ಕಾಗದಗಳ ನಡುವೆ ಇಟ್ಟು ನಿಂತುಬಿಟ್ಟಳು. ತೆಗೆ ಅಂದರೂ ತೆಗೆಯಲಿಲ್ಲ. ಪೀಡೆ ತೊಲಗಿದರೆ ಸಾಕೆಂದು ಅವನು ಒಳಗಿನ ಕಪಾಟಿನಿಂದ ಹಳೆಯ ರಿಜಿಸ್ಟರು ತಂದು ದೊಪ್ಪನೆ ಹಾಕಿದ.

ಅಪ್ಪನ ಪುಟದಲ್ಲಿ ಮೂರು ಪದಕಗಳೂ ಇದ್ದವು. ನೀಲಿ ಶಾಯಿಯಲ್ಲಿ, ಒಂದರ ಕೆಳಗೊಂದು. ಮೂರರ ಮೇಲೂ ಕೆಂಪು ಗೆರೆ. ಅಂಚಿನಲ್ಲಿ, 'ತಪ್ಪಾಗಿ ನಮೂದಾಗಿದೆ, ತೆಗೆಯಲಾಗಿದೆ' ಎಂಬ ಬರಹ, ಅದರಡಿ ಒಂದು ಸಹಿ. ಬಾಲ ಎಳೆದ ಆ ಸಹಿಯನ್ನು ಅವಳು ಓದಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಅವಳ ಹಾಜರಿ ಚೀಟಿಯ ಮೇಲೆ ಬೀಳುತ್ತಿದ್ದ ಕ್ಯಾಪ್ಟನ್ನನ ಸಹಿಯೇ ಅದು.

ಹೊಡೆದುಹಾಕಿದ ಅಧಿಕಾರಿಯೇ ಇದರಲ್ಲಿ ಸಹಿ ಹಾಕಲಿ, ಒಂದು ನಿಮಿಷದ ಕೆಲಸ ಎಂದು ಗುಮಾಸ್ತ ತಿದ್ದುಪಡಿಯ ಅರ್ಜಿಯೊಂದನ್ನು ಅವಳ ಕಡೆಗೆ ತಳ್ಳಿದ.

ಮನೆಗೆ ಬಂದು ಕೇಳಿದಳು.

"ನಾಲ್ಕನೆಯವನು ಅವನೇ," ಎಂದ ಅಪ್ಪ. "ಏಟೇನೂ ಬಿದ್ದಿರ್ಲಿಲ್ಲ. ನನ್ನ ಗುಂಡೀಲೇ ಕೂತಿದ್ದ, ಕುತ್ತಿಗೆ ಮಟ್ಟ ಹೇಲಲ್ಲಿ. ಅಮ್ಮಾ ಅಮ್ಮಾ ಅಂತಿದ್ದ. ಆಮೇಲೆ ನೋಡಿದ್ರೆ ಮೂರು ಜನಾನ ಹೊತ್ತು ತಂದೋನು ಅಂತ ಅವನಿಗೇ ಹಾರ ಹಾಕಿದ್ರು."

"ಇಷ್ಟು ವರ್ಷ ಬಾಯಲ್ಲೇನಿಟ್ಕೊಂಡಿದ್ದೆ ಅಪ್ಪಾ?"

"ಒಲೆ ಉರೀಬೇಕಿತ್ತಲ್ಲ."

ಕ್ಯಾಪ್ಟನ್ನನ ಬಳಿ ತಾನು ಹೋಗುತ್ತೇನೆಂದು ಅವಳು ಹೇಳಿದ್ದಳು. ಆದರೆ ಮರುದಿನ ಕೆಲಸದ ನಡುವೆ ತಲೆಯೆತ್ತಿದರೆ ಅಪ್ಪ ಆಗಲೇ ಎದ್ದು ಹೋಗಿದ್ದ. ಕಾರ್ಖಾನೆಯ ಅಂಗಳದಲ್ಲಿ ಹನ್ನೆರಡು ಸುಣ್ಣದ ತೊಟ್ಟಿಗಳು, ಆಳ ಎದೆಮಟ್ಟ. ಒಳಗೆ ಹಸಿ ತೊಗಲುಗಳು ಕೂದಲು ಸಡಿಲಾಗುವವರೆಗೆ ನೆನೆಯುತ್ತಿದ್ದವು. ತೊಟ್ಟಿಗಳ ನಡುವಿನ ಸಿಮೆಂಟು ದಾರಿಯಲ್ಲಿ ಕ್ಯಾಪ್ಟನ್ ನಿಂತಿದ್ದ. ಅಪ್ಪ ನೆಟ್ಟಗೆ ನಿಂತು, ಎಡಗೈಯಲ್ಲಿ ಅರ್ಜಿ ಚಾಚಿದ್ದ.

ಕ್ಯಾಪ್ಟನ್ ಓದಿ ಸಣ್ಣಗೆ ನಕ್ಕ. ಮೂವತ್ತು ವರ್ಷ ಅನ್ನ ಹಾಕಿದ ಕೈಯನ್ನೇ ಕಚ್ತೀಯ ಎಂದ.

"ಅನ್ನ ದುಡಿದು ತಿಂದಿದೀನಿ ಸಾರ್," ಎಂದ ಅಪ್ಪ. "ನನ್ನದನ್ನ ನನಗೆ ಬರೆದುಕೊಡಿ ಅಂತಿದೀನಿ."

ಗಳುವಿನ ಮೇಲೆ ಒಣಗಲು ಹಾಕಿದ್ದ ಹಸಿ ತೊಗಲಿನ ಪಟ್ಟಿಯೊಂದು ಕ್ಯಾಪ್ಟನ್ನನ ಕೈಗೆ ಬಂತು. ಮೊದಲ ಏಟು ಮುಖಕ್ಕೆ. ಕಿವಿ ಎರಡಾಗಿ ಸೀಳಿತು. "ಹೇಲು ಬಾಚೋ ನಾಯಿ, ನಿನಗೆ ಪದಕ ಬೇರೆ ಕೇಡು." ಎರಡನೆಯದು ಕುತ್ತಿಗೆಗೆ. ಮೂರನೆಯದಕ್ಕೆ ಅಪ್ಪ ಮಂಡಿಯೂರಿದ. ತಡೆಯಲು ಕೈಯೆತ್ತಲಿಲ್ಲ. ನಾಲ್ಕನೆಯದು, ಐದನೆಯದು ಬೆನ್ನಿಗೆ ಬಿದ್ದವು. ನಲವತ್ತು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಮಗಳು ಕೂದಲು ಹೆರೆಯುವ ಎರಡು ಹಿಡಿಯ ಕತ್ತಿಯನ್ನು ದಿಮ್ಮಿಯ ಮೇಲೆ ಇಟ್ಟಳು. ಅದು ಕೈಯಲ್ಲಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬರಿಗೈಯಲ್ಲಿ ಬಂದು, ಹಿಂದಿನಿಂದ ಕ್ಯಾಪ್ಟನ್ನನ ಬೆಲ್ಟು ಹಿಡಿದು, ಹಸಿ ತೊಗಲಿನ ಹೊರೆ ಎತ್ತಿ ಒಗೆಯುವ ಹಾಗೆ ತೊಟ್ಟಿಗೆ ಒಗೆದಳು.

ಅವನು ಮುಳುಗಿ ಎದ್ದಾಗ ರೆಪ್ಪೆಯವರೆಗೂ ಬೆಳ್ಳಗಿದ್ದ. ಬಾಯಿಬಿಟ್ಟರೆ ಸುಣ್ಣ ಒಳಹೋಗುತ್ತಿತ್ತು. ಅಂಚು ಹಿಡಿಯಲು ಬಂದಾಗಲೆಲ್ಲ ಅವಳು ತೊಗಲು ಮಗುಚುವ ಕೋಲನ್ನು ಅವನ ಎದೆಗೆ ಕೊಟ್ಟು ನಡುವಿಗೆ ತಳ್ಳಿದಳು. ಮೇಸ್ತ್ರಿ ಫೋನಿನ ಕಡೆಗೆ ಓಡಿದ. ಬೇರೆ ಯಾರೂ ಅಲುಗಲಿಲ್ಲ. ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದ ಮುದುಕಿ, ಮೂವತ್ತು ವರ್ಷ ತೊಗಲು ಉಜ್ಜಿದವಳು, ಸೊಂಟ ಹಿಡಿದುಕೊಂಡು ಗೇಟಿನವರೆಗೆ ಹೋಗಿ ಅಗಳಿ ಹಾಕಿ ಬಂದಳು.

ಸಹಿ ಹಾಕ್ತೀನಿ, ಎತ್ತು ಎಂದು ಕ್ಯಾಪ್ಟನ್ ಅರಚಿದ.

"ನಿನ್ನ ಸಹಿಗೆ ಬೆಂಕಿ ಬೀಳ್ಲಿ. ಬಾಯಲ್ಲಿ ಹೇಳು. ಇವರಿಗೆಲ್ಲ ಕೇಳೋ ಹಾಗೆ ಹೇಳು. ಗುಡ್ಡದ ಮೇಲಿಂದ ನಿನ್ನ ಹೊತ್ತು ತಂದೋರು ಯಾರು?"

ಅವನು ಇನ್ನೊಮ್ಮೆ ಮುಳುಗಿ ಎದ್ದ. ಚರ್ಮ ಸುಡತೊಡಗಿತ್ತು.

"ಸಲಿಕೆ," ಎಂದ.

"ಉಳಿದ ಮೂರು ಜನಾನ?"

"ಅವನೇ. ಎಲ್ಲಾ ಅವನೇ. ನಾನು ಗುಂಡೀಲಿದ್ದೆ."

"ಪದಕ ಯಾಕೆ ಹೊಡೆದುಹಾಕ್ದೆ?"

"ಹೇಲು ಬಾಚೋನ ಹೆಗಲ ಮೇಲೆ ಜೀವ ಉಳಿಸ್ಕೊಂಡು ಬಂದೆ ಅಂತ ಯಾವ ಮುಖ ಹೊತ್ಕೊಂಡು ಹೇಳ್ಲಿ," ಎಂದು ಅವನು ಮಕ್ಕಳ ಹಾಗೆ ಅತ್ತ.

ಅಪ್ಪ ಗೋಡೆಗೆ ಒರಗಿ ಕೂತಿದ್ದ, ಸೀಳಿದ ಕಿವಿಯಿಂದ ರಕ್ತ ಭುಜಕ್ಕೆ ಇಳಿಯುತ್ತಿತ್ತು. ಎತ್ತಮ್ಮ ಅವನನ್ನ, ಕಣ್ಣು ಹೋಗುತ್ತೆ ಎಂದು ಏಳಲು ನೋಡಿದ. ಅವಳು ಕೋಲು ಕೆಳಗಿಟ್ಟು, "ನೀನು ಕೂತಿರು. ಈ ಸಲ ಬೇರೆಯೋರು ಎತ್ತಲಿ," ಎಂದಳು. ಇಬ್ಬರು ಗಂಡಾಳುಗಳು ಕ್ಯಾಪ್ಟನ್ನನನ್ನು ರಟ್ಟೆ ಹಿಡಿದು ಎಳೆದು ಹಾಕಿದರು. ಇನ್ನೊಬ್ಬ ಪೈಪು ತಂದು ಅವನ ಕಣ್ಣಿಗೆ ನೀರು ಬಿಟ್ಟ. ಕೈಯ ಮೇಲಿನ ಚರ್ಮ ಆಗಲೇ ಬಿಳಿಚಿ ಸುಲಿಯುತ್ತಿತ್ತು.

ಅರ್ಜಿ ನೆಲದ ಮೇಲಿತ್ತು. ಅವಳು ಅದನ್ನು ಎತ್ತಿ, ಹಿಂಬದಿಯ ಖಾಲಿ ಪುಟ ತಿರುಗಿಸಿ, ದಿಮ್ಮಿಯ ಮೇಲೆ ಹರಡಿ ಮೇಸ್ತ್ರಿಯ ಪೆನ್ನಿನಿಂದ ಬರೆದಳು. ಕ್ಯಾಪ್ಟನ್ ಹೇಳಿದ್ದು ಹೇಳಿದ ಹಾಗೆಯೇ, ಗುಂಡಿಯ ಮಾತೂ ಸೇರಿ. ಕೆಳಗೆ, ಇದನ್ನು ನಾವು ಕಿವಿಯಾರೆ ಕೇಳಿದ್ದೇವೆ ಎಂದು ಬರೆದು ತಲೆಯೆತ್ತಿದಳು.

ಕೇಸಾಗುತ್ತೆ ಎಂದ ಒಬ್ಬ. ಈಗೇನು ಮದುವೆ ಆಗ್ತಿದೆಯೇನೋ ಎಂದಳು ದೊಡ್ಡತ್ತೆ. ಚರ್ಮ ಹದ ಮಾಡುವ ತೊಗಟೆ ಕಷಾಯದ ಬಟ್ಟಲಿಗೆ ಹೆಬ್ಬೆರಳು ಅದ್ದಿ ಎಲ್ಲರಿಗಿಂತ ಮೊದಲು ಒತ್ತಿದಳು. ಒತ್ತಿ ನೋಡಿ ಹುಬ್ಬು ಗಂಟಿಕ್ಕಿದಳು. ಕಾಗದದ ಮೇಲೆ ಬಿದ್ದದ್ದು ನುಣ್ಣಗಿನ ಕಂದು ಚುಕ್ಕೆ. ಗೆರೆಗಳೇ ಇರಲಿಲ್ಲ. ಅವಳ ಬೆರಳಿನ ಗೆರೆಗಳನ್ನು ಸುಣ್ಣ ಎಂದೋ ತಿಂದು ಮುಗಿಸಿತ್ತು. ಮುಂದಿನವನದೂ ಹಾಗೇ, ಅವನ ಹಿಂದಿನವಳದೂ ಹಾಗೇ.

"ಇದು ನಂದೇ ಅಂತ ಹೆಂಗೆ ಗೊತ್ತಾಗುತ್ತೆ?" ಎಂದಳು ದೊಡ್ಡತ್ತೆ.

ಮಗಳು ಪ್ರತಿ ಚುಕ್ಕೆಯ ಪಕ್ಕ ಹೆಸರು ಬರೆಯತೊಡಗಿದಳು. ಹೊರಗೆ ಜೀಪು ಬಂದು ನಿಂತಿತು. ಇನ್ಸ್‌ಪೆಕ್ಟರನ ಗಂಟಲು ಕೇಳಿಸಿತು, ಹಿಂದೆಯೇ ಗೇಟಿಗೆ ಬೂಟಿನ ಒದೆ. ಹೆಬ್ಬೆಟ್ಟು ಒತ್ತಲು ನಿಂತಿದ್ದ ಸಾಲು ಒಮ್ಮೆ ಹಿಂದಕ್ಕೆ ತುಯ್ದು ಮತ್ತೆ ನೆಟ್ಟಗಾಯಿತು. ಎರಡನೆಯ ಒದೆಗೆ ಹಲಗೆಯೊಂದು ಸೀಳಿ, ಬಿರುಕಿನಲ್ಲಿ ಲಾಠಿಯ ತುದಿ ಕಾಣಿಸಿಕೊಂಡಿತು. ಇನ್ನೂ ಹದಿನೇಳು ಜನ ಉಳಿದಿದ್ದರು.

"ನಿಂದು ಹೇಳು," ಎಂದಳು ಅವಳು ಮುಂದೆ ನಿಂತವನಿಗೆ, ತಲೆಯೆತ್ತದೆ.