ಗಿಸ್ಲಾಂ ಹೊಡೆಯಬೇಕಿದ್ದ ಗೋಲು

ಫ್ರಾನ್ಸ್ ತಂಡದ ನೀಲಿ ಅಂಗಿ ತೊಟ್ಟು ಮೂವತ್ತೊಂದು ಪಂದ್ಯ, ಕ್ಲಬ್ಬುಗಳ ಪರವಾಗಿ ಐನೂರರ ಮೇಲೆ. ಇಷ್ಟೆಲ್ಲ ಆಡಿಯೂ ನಮ್ಮ ಗಿಸ್ಲಾಂ ಒಂದೇ ಒಂದು ಗೋಲು ಹೊಡೆದವನಲ್ಲ. ಡಿಫೆಂಡರ್ ಕೆಲಸ ತಡೆಯುವುದು, ಹೊಡೆಯುವುದಲ್ಲ ಎಂದು ಬಲ್ಲವರು ಹೇಳಿಯಾರು. ನಮ್ಮ ಗಣಿ ಊರಿನಲ್ಲಿ ಬಲ್ಲವರ ಮಾತಿಗೆ ಅಂಥ ಬೆಲೆಯಿಲ್ಲ. ಅವನು ನಿವೃತ್ತನಾಗಿ ಊರಿಗೆ ಮರಳಿ ಹನ್ನೆರಡು ವರ್ಷವಾಯಿತು. ಈಗಲೂ ಬ್ರೆಡ್ಡಿಗೆಂದು ನನ್ನ ಅಂಗಡಿಗೆ ಬಂದರೆ, ಸಾಲಿನಲ್ಲಿ ನಿಂತವರು ಗೋಲಂತೂ ಕಾಣಲಿಲ್ಲ, ಬಾಗಿಲಾದರೂ ಕಾಣಿಸಿತೇ ಎಂದು ವಿಚಾರಿಸಿಕೊಳ್ಳುತ್ತಾರೆ.

ಎಲ್ಲರಿಗಿಂತ ಹೆಚ್ಚು ಕಾಲೆಳೆಯುವವಳು ಅವನ ತಾಯಿ ಯೊಲಾಂದ್. ಮೂವತ್ತು ವರ್ಷ, ಅವನು ಹೆಚ್ಚು ಕಾಲ ಆಡಿದ ಪಕ್ಕದ ಪಟ್ಟಣದ ಮೈದಾನದ ಗೇಟಿನ ಹೊರಗೆ ಕರಿದ ಆಲೂಗಡ್ಡೆಯ ಗಾಡಿ ನಡೆಸಿದವಳು. ಪಂದ್ಯದ ದಿನವೇ ವ್ಯಾಪಾರ. ಫ್ರಾನ್ಸ್ ಪಂದ್ಯ ಟಿವಿಯಲ್ಲಿ ಬಂದರೆ ಗಾಡಿಯನ್ನು ಬಾರಿನ ಮುಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದಳು. ಹಾಗಾಗಿ ಮಗನ ಆಟವನ್ನು ಅವಳು ಒಮ್ಮೆಯೂ ನೋಡಲಿಲ್ಲ, ಬರೀ ಕೇಳಿದಳು. ಒಳಗೆ ಹೋ ಎಂದು ಕೂಗೆದ್ದರೆ ಗೋಲು. ನನ್ನ ಮಗನದಾ ಎಂದು ಗಿರಾಕಿಗಳನ್ನು ಕೇಳುತ್ತಿದ್ದಳು, ಪ್ರತಿ ಸಲವೂ ಒಂದೇ ಉತ್ತರ. ಅಲ್ಲ.

"ಊರವ್ರ ಮಕ್ಳೆಲ್ಲ ಗೋಲು ಹೊಡೀತಾರೆ," ಎನ್ನುತ್ತಿದ್ದಳು. "ನಮ್ದೊಂದು ಅಲ್ಲಿ ಕಂಬದ ಹಂಗೆ ನಿಂತಿರುತ್ತೆ."

ಎಲ್ಲರೂ ನಗುತ್ತಿದ್ದರು, ಗಿಸ್ಲಾಂ ಕೂಡ. ಆದರೆ ಆ ಮಾತು ಅವನಿಗೆ ಚುಚ್ಚುತ್ತಿತ್ತು ಎಂಬುದು ನನಗೆ ಈ ವಸಂತದಲ್ಲೇ ತಿಳಿದದ್ದು. ಅವನ ಮಂಡಿ ಬದಲಿಸಬೇಕು, ಇನ್ನು ಚೆಂಡು ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಉಳಿದದ್ದು ಮೇ ತಿಂಗಳ ಹಳಬರ ಪಂದ್ಯವೊಂದೇ, ಮೇಲಿನ ಬೀದಿಗೂ ಕೆಳಗಿನ ಬೀದಿಗೂ. ಅವನು ಮೇಲಿನವನು, ನಾನು ಕೆಳಗಿನ ಬೀದಿಯ ಗೋಲ್‌ಕೀಪರ್. ಪಂದ್ಯದ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು, ಒಲೆಯ ಕಡೆ ನೋಡುತ್ತ ಹೇಳಿದ:

"ಅಮ್ಮ ಬರ್ತಾಳೆ ಕಣೋ. ಎಂಬತ್ತಾರಾಯ್ತು ಅವಳಿಗೆ. ಒಂದೇ ಒಂದು ಗೋಲು ತೋರಿಸ್ಬೇಕು."

"ಗೋಲು ಬಿಡೋದ್ರಲ್ಲಿ ನನ್ನಷ್ಟು ಅನುಭವ ಯಾರಿಗಿದೆ?" ಎಂದೆ. "ಧೈರ್ಯವಾಗಿರು."

ನಮ್ಮ ತಂಡದವರೂ ಒಪ್ಪಿದರು. ಯೊಲಾಂದ್ ಮಡಿಲ ಮೇಲೆ ಕಂಬಳಿ ಹೊದ್ದು, ಮೈದಾನದ ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಕೊನೆಯ ಐದು ನಿಮಿಷಕ್ಕೆ ಗಿಸ್ಲಾಂ ಕುಂಟುತ್ತ ನಮ್ಮ ಗೋಲಿನ ಬಳಿಗೆ ಬಂದ. ಮೇಲಿನ ಬೀದಿಯ ಪೋಸ್ಟ್‌ಮನ್ ಚೆಂಡನ್ನು ಒದ್ದ. ನಾನು ಮಾತಿಗೆ ತಪ್ಪದೆ ಅದು ಹೊರಡುವ ಮೊದಲೇ ಎಡಕ್ಕೆ ಬಿದ್ದೆ. ಚೆಂಡು ಆರಾಮಾಗಿ ಉರುಳುತ್ತ ಖಾಲಿ ಗೋಲಿನ ಕಡೆ ಹೊರಟಿತು. ಗಿಸ್ಲಾಂ ಎರಡೇ ಹೆಜ್ಜೆಯ ದೂರದಲ್ಲಿದ್ದ. ಸ್ವಲ್ಪ ಮುಟ್ಟಿದ್ದರೂ ಸಾಕಿತ್ತು, ಅವನ ಹೆಸರಿಗೆ ಬರೆಯುತ್ತಿದ್ದೆವು.

ಹುಟ್ಟುಗುಣ ಸುಟ್ಟರೂ ಹೋಗದು. ಖಾಲಿ ಗೋಲಿಗೆ ಚೆಂಡು ನುಗ್ಗುವುದು ಕಂಡಿತೇ ಹೊರತು, ಅದು ಯಾರ ಗೋಲೆಂದು ಅವನ ಕಾಲು ಕೇಳಲಿಲ್ಲ. ಹಾರಿ ಅಡ್ಡಬಿದ್ದು, ಗೋಲಿನ ಗೆರೆಯ ಮೇಲಿನಿಂದಲೇ ಬೀಸಿ ಒದ್ದ. ಚೆಂಡು ಬೇಲಿ ದಾಟಿ ಮುದುಕ ಫ್ಲೊರಿಮೋನ ಪಾರಿವಾಳದ ಗೂಡಿನ ಮೇಲೆ ಬಿತ್ತು. ನಲವತ್ತು ಪಾರಿವಾಳ ಒಟ್ಟಿಗೆ ಮೇಲೆದ್ದವು.

ಯಾರೂ ನಗಲಿಲ್ಲ. ಗಿಸ್ಲಾಂ ಕೆಸರಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ನಾನು ಬಿದ್ದಲ್ಲಿಂದ ಎದ್ದೆ. ಕೈಕೊಟ್ಟು ಎಬ್ಬಿಸಿ ತಾಯಿಯ ಬಳಿಗೆ ಕರೆದುಕೊಂಡು ಹೋದೆ.

"ತಪ್ಪಾಯ್ತಮ್ಮ," ಎಂದ.

ಅವಳು ಅವನ ತೋಳು ಹಿಡಿದುಕೊಂಡಳು. ಗೋಲಿನ ಕಡೆ ಬೆರಳು ತೋರಿಸಿದಳು.

"ಎದುರಿನವ್ರು ಬಂದಾಗ್ಲೂ ಹಿಂಗೇ ಮಾಡ್ತಿದ್ಯಾ?"

"ಹೂಂ."

"ಒಳಗೆ ಸದ್ದಿಲ್ದಾಗೆಲ್ಲ ನೀನು ಸುಮ್ನೆ ನಿಂತಿದ್ದೀಯ ಅಂದ್ಕೊಂಡಿದ್ದೆ ಮಗಾ," ಎಂದಳು. "ಸದ್ದಿಲ್ದೇ ಇದ್ದದ್ದು ನಿನ್ನಿಂದ್ಲೇನೋ?"

ಐವತ್ತು ದಾಟಿದ ಆ ಗಂಡಸು ಅವಳ ಕಂಬಳಿಯಲ್ಲಿ ಮುಖವಿಟ್ಟು ಅತ್ತ. ಅವಳು ಅವನ ಕೂದಲಿನ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತ, ಫ್ಲೊರಿಮೋನಿಂದ ಚೆಂಡು ತರಲು ನನ್ನನ್ನು ಕಳಿಸಿದಳು.