ಅತ್ತೆಯ ಕಾರಿಗೆ ಸ್ಪ್ರಿಂಗ್ ಕೂರಿಸಿದ್ದು

ಕಾರು ನನ್ನದಲ್ಲ, ಅತ್ತೆಯದು. ಓಪಲ್ ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಅವರೂ ತೀರಿಹೋದ ಮಾವನೂ ಮದುವೆಯಾದ ಹೊಸದರಲ್ಲಿ ಗುಜರಿಯಿಂದ ಎಳೆದು ತಂದು, ಛಾವಣಿ ಕತ್ತರಿಸಿ ತಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿಕೊಂಡ ಸಾವಿರದ ಒಂಬೈನೂರ ಮೂವತ್ತೆರಡರ ಫೋರ್ಡು. ಕ್ಯಾಲಿಫೋರ್ನಿಯಾದ ನಮ್ಮೂರು ಬೇಕರ್ಸ್‌ಫೀಲ್ಡಿನಲ್ಲಿ ಅದರ ಸದ್ದು ಗೊತ್ತಿಲ್ಲದವರು ಕಡಿಮೆ. ಆದರೆ ಸೊಂಟದ ಆಪರೇಷನ್ ಆದಮೇಲೆ ಅತ್ತೆ ಅದನ್ನು ಹತ್ತುವುದನ್ನೇ ಬಿಟ್ಟರು. ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಅಡ್ಡಲಾಗಿ ಕೂತಿದ್ದ ಕಮಾನುಪಟ್ಟಿ, ಅಂದರೆ ಹಳೇ ಲೀಫ್ ಸ್ಪ್ರಿಂಗು, ಒಂದೊಂದು ಗುಂಡಿಗೂ ಬೆನ್ನಿಗೆ ಗುದ್ದುತ್ತಿತ್ತು.

"ಅದನ್ನ ಕಿತ್ತು ಕಾಯಿಲ್‌ಓವರ್ ಹಾಕ್ತೀನಿ ಅತ್ತೆ," ಅಂದೆ. ಶಾಕ್ ಅಬ್ಸಾರ್ಬರ್ ಮೈಗೇ ಸ್ಪ್ರಿಂಗ್ ಸುತ್ತಿಕೊಂಡಿರುವ ಸಾಮಾನು ಅದು. ಹೊಸದನ್ನು ಕೊಳ್ಳುವ ತಾಕತ್ತಿರಲಿಲ್ಲ. ಹಳೇ ಸಾಮಾನಿನ ಸಂತೆಯಲ್ಲಿ ಒಂದು ಜೊತೆ ಅಗ್ಗಕ್ಕೆ ಸಿಕ್ಕಿತು.

ಬೆಸುಗೆ ಕೆಲಸಕ್ಕೆ ಪಕ್ಕದ ಮನೆಯ ಎಕ್ತೊರ್ ಬಂದ. ಎರಡು ಶನಿವಾರ ಕಾರಿನಡಿ ಮಲಗಿ, ಕಣ್ಣಿಗೆ ತುಕ್ಕು ಬೀಳಿಸಿಕೊಂಡು, ಕೂರಿಸಿದೆವು. ಓಡಿಸಿದರೆ ಮೊದಲಿಗಿಂತ ಗಟ್ಟಿ. ಬಂಡೆಯ ಮೇಲೆ ಕೂತಂತೆ.

"ಕಾರಿನ ಹಿಂಬದಿ ಎಷ್ಟು ತೂಗುತ್ತೆ ಅಂತ ನೋಡಿದ್ಯಾ?" ಅಂದ ಎಕ್ತೊರ್.

"ಇಲ್ಲ."

"ಮತ್ತೆ ಯಾವ ಲೆಕ್ಕದ ಮೇಲೆ ತಂದೆ ಮಾರಾಯ? ಈ ಸ್ಪ್ರಿಂಗು ಮಣ್ಣಿನ ರೇಸಿಗೆ ಓಡೋ ಭಾರೀ ಗಾಡೀದು."

ಮೇವಿನಂಗಡಿಯ ದೊಡ್ಡ ತಕ್ಕಡಿಗೆ ಒಯ್ದು ತೂಗಿಸಿದೆವು. ಅವನು ಹೇಳಿದ್ದೇ ನಿಜ, ಆ ಸ್ಪ್ರಿಂಗಿಗೆ ನಮ್ಮ ಕಾರು ತೀರ ಹಗುರ. ಮತ್ತೆ ಸಂತೆಗೆ ಹೋಗಿ, ಮಾರಿದವನ ಕೈಕಾಲು ಹಿಡಿದು, ಮೆದು ಸ್ಪ್ರಿಂಗಿಗೆ ಬದಲಾಯಿಸಿಕೊಂಡೆ. ಮತ್ತೆ ಬಿಚ್ಚು, ಮತ್ತೆ ಕಟ್ಟು.

ಈ ಸಲ ಗುಂಡಿಯಲ್ಲಿ ಇಳಿದಿದ್ದೇ ತಿಳಿಯಲಿಲ್ಲ. ಖುಷಿಯಿಂದ ತಿರುವಿನಲ್ಲಿ ತಿರುಗಿಸಿದೆ ನೋಡಿ, ಕಾರಿನ ಹಿಂಬದಿ ಕುಡಿದವನ ಹಾಗೆ ಪಕ್ಕಕ್ಕೆ ವಾಲಿತು. ಟೈರು ಮಡ್‌ಗಾರ್ಡಿಗೆ ಉಜ್ಜಿ ಹೊಗೆ ಬಂತು. ಮನೆಗೆ ಬಂದು ಪಾನಾ ಬಿಸಾಕಿದೆ.

"ನೀನು ಬೋಲ್ಟ್ ಬಿಗಿ ಮಾಡಿಲ್ಲ," ಎಂದೆ ಎಕ್ತೊರ್‌ಗೆ.

"ನಿನ್ನ ಅಳತೆ ಸರಿಯಿಲ್ಲ," ಎಂದ ಅವನು.

ಅಂಗಳದ ಕುರ್ಚಿಯಲ್ಲಿ ಅತ್ತೆ ತಣ್ಣಗೆ ಐಸ್ ಟೀ ಕುಡಿಯುತ್ತಿದ್ದರು. "ಅಳಿಯಂದ್ರೇ, ಒಂದು ಮಾತು ಕೇಳ್ಲಾ? ಆ ಹಳೇ ಪಟ್ಟಿ ಕಾರನ್ನ ಹೊರೋದು ಮಾತ್ರ ಮಾಡ್ತಿತ್ತಾ? ಅಚ್ಚು ಅತ್ತಿತ್ತ ಹೋಗದ ಹಾಗೆ ಹಿಡ್ಕೊಂಡೂ ಇತ್ತು. ಅದನ್ನ ಕಿತ್ರಿ. ಈಗ ಹಿಡಿಯೋರು ಯಾರು?"

ಎಕ್ತೊರ್ ಬಗ್ಗಿ ಅಚ್ಚಿನ ಕಡೆ ನೋಡಿದ.

"ಮೂರು ವಾರದಿಂದ ಇಲ್ಲೇ ಕೂತಿದೀರಲ್ಲ, ಮೊದಲೇ ಹೇಳಬಾರದಿತ್ತಾ?" ಎಂದೆ ನಾನು.

"ನೀವು ಕೇಳಲಿಲ್ಲ. ಮೊದಲನೇ ದಿನ ಬಾಯಿ ಬಿಟ್ಟಿದ್ದೆ. 'ನೀವು ಒಳಗೆ ಹೋಗಿ ರೆಸ್ಟ್ ತಗೊಳ್ಳಿ ಅತ್ತೆ' ಅಂದ್ರಿ."

ಅಂದಿದ್ದು ಹೌದು. ಸಿಟ್ಟು ಬಂತು, ಯಾರ ಮೇಲೆ ಅಂತ ಹೇಳಲಾರೆ.

ಚೌಕಟ್ಟಿನ ಒಂದು ಬದಿಯಿಂದ ಅಚ್ಚಿನ ಇನ್ನೊಂದು ಬದಿಗೆ ಅಡ್ಡ ಸರಳು ಬೇಕಿತ್ತು. ಎಕ್ತೊರ್ ತನ್ನ ಶೆಡ್ಡಿನಿಂದ ದಪ್ಪ ಉಕ್ಕಿನ ಕೊಳವೆ ತಂದ. ಎಲ್ಲಿ ಕಚ್ಚಿಸಬೇಕೆಂದು ಅತ್ತೆ ಕೋಲಿನಲ್ಲಿ ತೋರಿಸಿದರು. ಈ ಸಲ ಎದುರಾಡದೆ ಅಲ್ಲೇ ಕೂರಿಸಿದೆವು.

ಮಾರನೆಯ ಬೆಳಿಗ್ಗೆ ನಾನು ಪಕ್ಕದ ಸೀಟಿನ ಬಾಗಿಲು ತೆಗೆದು ನಿಂತರೆ, ಅತ್ತೆ ಚಾಲಕನ ಕಡೆಗೇ ನಡೆದರು. ಎಂಬತ್ತಮೂರು ವಯಸ್ಸು. ತಡೆಯುವ ಧೈರ್ಯ ನನಗಾಗಲಿಲ್ಲ. ರೈಲು ಹಳಿ ದಾಟುವಾಗಲೂ ವೇಗ ತಗ್ಗಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಕಾರು ಮೆಲ್ಲಗೆ ಎದ್ದು, ಮೆಲ್ಲಗೆ ಕೂತಿತು.

ಅತ್ತೆ ಮುಂದಿನ ತಿರುವಿನಲ್ಲೂ ಅದೇ ವೇಗದಲ್ಲಿ ತಿರುಗಿಸಿದರು, ಹಿಂಬದಿ ಪಕ್ಕಕ್ಕೆ ಸರಿಯಲಿಲ್ಲ. ಆಮೇಲೆ, "ನಿಮ್ಮ ಮಾವ ಇದ್ದು ಹೀಗೆ ಕೇಳದೆ ಕಿತ್ತಿದ್ರೆ, ನನ್ನ ಕೈಲಿ ನಿಮಗಿಂತ ಹೆಚ್ಚು ಬೈಸ್ಕೋತಿದ್ರು," ಅಂದು, ಗೇರು ಬದಲಾಯಿಸಿದರು.